ಬೆಳ್ಳಿಯ ಲಾಳ ಬಿಚ್ಚಿದ ಸಂಜೆ

ಕುಂಟುವ ಕುದುರೆಯನ್ನು ದಾರಿಯಲ್ಲಿ ಬಿಟ್ಟುಹೋಗುವುದು ದ್ರೋಹ. ನಿನ್ನೆ ನಮ್ಮ ಆನ್‌ಲೈನ್ ಆಟದ ಅಶ್ವದಳ ಅದನ್ನೇ ಮಾಡಿತು. ನೆಪೋಲಿಯನ್ ಕಾಲದ ಸವಾರರಾಗಿ ಆಡುವ ನಾವೆಲ್ಲ ಊಟಿಯ ಹುಡುಗರು. ಗುಂಡು ತಗುಲಿ ನನ್ನ ಕುದುರೆ ಕುಂಟಿತು. "ಬಿಟ್ಟು ಬಾರೋ, ಬಟನ್ ಒತ್ತಿದರೆ ಹೊಸದು ಬರುತ್ತೆ" ಎಂದು ನಾಯಕ ನಕ್ಕ. ಹೆಡ್‌ಫೋನಿನಲ್ಲಿ ಅದರ ಕೆನೆತ ಕೇಳಿ ನನಗೆ ಬೆಳ್ಳಿ ನೆನಪಾದಳು.

ನಾನು ಚಿಕ್ಕವನಿದ್ದಾಗ ಅಪ್ಪ ಕೆರೆಯ ಬಳಿ ಪ್ರವಾಸಿಗರನ್ನು ಮಾಲೀಕನ ಕುದುರೆ ಬೆಳ್ಳಿಯ ಮೇಲೆ ಹತ್ತಿಸಿ ನಡೆಸುತ್ತಿದ್ದ. ಸಂಜೆ ಬೆಳ್ಳಿಯ ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದ. ಅವನ ಅಂಗಿಗೂ ಅದೇ ವಾಸನೆ. ಬೆಳ್ಳಿ ಕುಂಟತೊಡಗಿದ ಮೇಲೆ ಒಂದು ಸಂಜೆ ಅವಳ ಲಾಳ ಬಿಚ್ಚತೊಡಗಿದ.

"ಹೊಸ ಲಾಳವಾ ಅಪ್ಪಾ?" ಎಂದು ಕುಣಿದೆ.

ಅಪ್ಪ ಮುಂದಿನ ಮೊಳೆ ಕಿತ್ತ. ಮಾಲೀಕ ಲಾಳಗಳನ್ನು ಚೀಲಕ್ಕೆ ಹಾಕಿಕೊಂಡು, "ಇನ್ನೊಂದಕ್ಕೆ ಆಗುತ್ತೆ. ಇದನ್ನ ಮಸಿನಗುಡಿ ಕಾಡಿನ ಹತ್ತಿರ ಬಿಟ್ಟು ಬಾ" ಎಂದ. ಬೆಳ್ಳಿ ನಂಬಿಕೆಯಿಂದ ಅಪ್ಪನ ಹಿಂದೆ ಹೋದಳು. ಅಪ್ಪ ಬರೀ ಹಗ್ಗ ಹಿಡಿದು ವಾಪಸು ಬಂದ.

ಇವತ್ತು ಮಾರುಕಟ್ಟೆ ರಸ್ತೆಯಲ್ಲಿ ಯಾರೋ ಬಿಟ್ಟ ಕುದುರೆಯೊಂದು ಕುಂಟುತ್ತಾ ಕಸ ತಿನ್ನುತ್ತಿದೆ. ಅದಕ್ಕೆ ಯಾವ ಬಟನ್ನೂ ಇಲ್ಲ. ದಳದ ಗೆಳೆಯರೇ, ನಾಯಕನೂ ಸೇರಿ, ಹುಲ್ಲು ತನ್ನಿ. ಪಶುವೈದ್ಯರನ್ನು ನಾನು ಕರೆತರುತ್ತೇನೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಮಾರುಕಟ್ಟೆಯ ಮುಂಬಾಗಿಲಲ್ಲಿ.