ಯಾವ ಆಟ ಎಂದು ಕೇಳಿದವರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಅಂಟು ಯಾವಾಗಲೂ ಸಿಕ್ಕಿಕೊಂಡಿರುತ್ತಿತ್ತು. ಕಂಪ್ಯೂಟರಿನ ಪ್ರೊಸೆಸರ್ ಬಿಸಿಯೇರದಿರಲೆಂದು ಅದರ ಮೇಲೆ ಸವರುವ ಪೇಸ್ಟು ಅದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲವೆಂದು ಅವರು ತಿಕ್ಕುವುದನ್ನೇ ಬಿಟ್ಟಿದ್ದರು. ಮದ್ದೂರಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಕಂಪ್ಯೂಟರ್ ಅಂಗಡಿ. ನಾನು ಅವರನ್ನು ಅಂಗಡಿಯಣ್ಣ ಎನ್ನುತ್ತಿದ್ದೆ. ಆ ಅಂಗಡಿಯ ಒಳಭಾಗ ಹೇಗಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಊರು ಹೊಳಲು. ಇಪ್ಪತ್ತಾರನೇ ವಯಸ್ಸಿನಲ್ಲಿ, ನಮ್ಮದೇ ಗದ್ದೆಯ ಕಬ್ಬಿನ ಲೋಡಿಗೆ ಹಗ್ಗ ಬಿಗಿಯಲು ಹತ್ತಿ, ಟ್ರ್ಯಾಕ್ಟರಿನ ಮೇಲಿಂದ ಬಿದ್ದೆ. ಅಂದಿನಿಂದ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಸೊಂಟದ ಮೇಲೂ ಆಗ ಹೆಚ್ಚೇನೂ ಗೊತ್ತಾಗುತ್ತಿರಲಿಲ್ಲ ಎನ್ನಿ. ನೋಡಲು ಬಂದವರು ಅಳುತ್ತಿದ್ದರು, ನಾನು ತಿರುಗುವ ಫ್ಯಾನು ನೋಡುತ್ತಿದ್ದೆ. ಒಂದು ದಿನ ಅವ್ವ ಉಪ್ಪು ಹಾಕುವುದನ್ನೇ ಮರೆತ ಸಾರನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡೆನಂತೆ. ಅವಳು ಅದಕ್ಕೇ ಹೆದರಿದಳು.

ಎಂಟು ತಿಂಗಳಾದ ಮೇಲೆ ಒಂದೇ ಒಂದು ಆಸೆ ಹುಟ್ಟಿತು. ಬೀಳುವ ಮುಂಚೆ ನಾವು ಐದು ಜನ ಗೆಳೆಯರು ಮಂಡ್ಯದ ಗೇಮಿಂಗ್ ಸೆಂಟರಿನಲ್ಲಿ ತಂಡ ಕಟ್ಟಿಕೊಂಡು ಆಡುತ್ತಿದ್ದೆವು. ಉಳಿದ ನಾಲ್ವರು ಇನ್ನೂ ಆಡುತ್ತಿದ್ದರು, ನನ್ನ ಜಾಗ ಹಾಗೇ ಬಿಟ್ಟಿದ್ದರು. ಮನೆಯಲ್ಲೇ ಒಳ್ಳೆಯ ಕಂಪ್ಯೂಟರ್ ಇದ್ದರೆ ನಾನೂ ಸೇರಬಹುದಿತ್ತು. ಇದೊಂದು ಕೈಕೊಟ್ಟರೆ ಇನ್ನು ಯಾವುದಕ್ಕೂ ಆಸೆ ಪಡುವುದು ಬೇಡವೆಂದು ತೀರ್ಮಾನಿಸಿದ್ದೆ. ಅವ್ವನಿಗೆ ಅದನ್ನು ಹೇಳಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು.

ವಿಡಿಯೋ ನೋಡಿ ನೋಡಿ ಒಂದು ಪಟ್ಟಿ ಮಾಡಿದೆ. ದೊಡ್ಡ ಗ್ರಾಫಿಕ್ಸ್ ಕಾರ್ಡು, ಉಳಿದದ್ದೆಲ್ಲ ಹೇಗಾದರೂ ಸರಿ. ಫೋನು ಮಾಡಿದ ಅಂಗಡಿಗಳವರೆಲ್ಲ ಬಜೆಟ್ ಎಷ್ಟು ಎಂದು ಕೇಳಿದರು. ಮದ್ದೂರಿನ ಇವರೊಬ್ಬರು ಮಾತ್ರ, "ಯಾವ ಆಟ?" ಎಂದರು.

ಆಟೋದಲ್ಲಿ ಮದ್ದೂರಿಗೆ ಹೋದೆವು. ಮೆಟ್ಟಿಲು ನೋಡಿದ ಅವ್ವ ಒಬ್ಬಳೇ ಮೇಲೆ ಹೋಗಿ ಹೇಳಿ ಬಂದಳು. ಸ್ವಲ್ಪ ಹೊತ್ತಿಗೆ ಐವತ್ತು ದಾಟಿದ, ಹೊಟ್ಟೆಯಿದ್ದ ಮನುಷ್ಯ ಒಂದು ಕೈಯಲ್ಲಿ ಗ್ರಾಫಿಕ್ಸ್ ಕಾರ್ಡು, ಇನ್ನೊಂದು ಕೈಯಲ್ಲಿ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬ ಹಿಡಿದು ಇಳಿದು ಬಂದರು. ಆಟೋದೊಳಗೆ ನನ್ನ ಪಕ್ಕ ಕುಳಿತು ಅವೆರಡನ್ನೂ ನನ್ನ ತೊಡೆಯ ಮೇಲೆ ಇಟ್ಟರು. ಆಮೇಲೆ ಏನೋ ನೆನಪಾದವರಂತೆ ಎತ್ತಿ ನನ್ನ ಕೈಗೇ ಕೊಟ್ಟರು. "ತೂಕ ನೋಡು," ಎಂದರು.

ಅವತ್ತು ಅವರು ಆ ಮೆಟ್ಟಿಲನ್ನು ಆರೇಳು ಸಲ ಹತ್ತಿಳಿದರು. ಒಂದೊಂದು ಭಾಗ ತಂದಾಗಲೂ ನನ್ನ ಪಟ್ಟಿಯ ಒಂದೊಂದು ಸಾಲಿಗೆ ಬೆರಳಿಟ್ಟು, "ಇದು ಯಾಕೆ?" ಎಂದು ಕೇಳುತ್ತಿದ್ದರು. ಯಾಕೆಂದು ಕೊಳ್ಳುವವನಿಗೆ ಹೇಳಲಾಗದ ಸಾಮಾನನ್ನು ಅವರು ಮಾರುತ್ತಿರಲಿಲ್ಲ. ಇದರಿಂದ ಗಿರಾಕಿಗಳು ಸಿಟ್ಟಾಗಿ ಹೋಗುತ್ತಿದ್ದರೆಂದು ಬೇಕರಿಯವರೇ ನಗುತ್ತಾ ಹೇಳಿದರು.

"ಮನೇಲಿರೋ ಮಾನಿಟರ್ರು ಎಷ್ಟು ಹರ್ಟ್ಸು?"

"ಅರವತ್ತು."

"ಅಂದ್ರೆ ಸೆಕೆಂಡಿಗೆ ಅರವತ್ತು ಚಿತ್ರ ತೋರ್ಸ್ತದೆ. ನೀನು ತಕಳಾಕೆ ಒಂಟಿರೋ ಕಾರ್ಡು ಇನ್ನೂರು ಚಿತ್ರ ಬುಡ್ತದೆ. ಮಿಕ್ಕಿದ್ದು ಯಾರ್ ನೋಡ್ಬೇಕು, ನಾನಾ? ನಾಲೆ ಅಗಲಾಗಿದ್ದು ತೂಬು ಸಣ್ಣದಾದ್ರೆ ಗದ್ದೆಗೆ ಎಷ್ಟ್ ನೀರು ಬಂದಾತು ಕಣಪ್ಪ?"

ಎಂಟು ತಿಂಗಳಲ್ಲಿ ನನಗೆ ಮೊದಲ ಬಾರಿಗೆ ಸಿಟ್ಟು ಬಂದದ್ದು ಆಗ. ದುಡ್ಡು ಕೊಡುವವನು ನಾನು, ಕೇಳಿದ್ದು ಕೊಡಲು ಇವರಿಗೇನು ಕಷ್ಟ ಎಂದು ರೇಗಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮೂರಿಗೆ ತ್ರೀ ಫೇಸ್ ಕರೆಂಟು ಯಾವಾಗ ಕೊಡ್ತಾರೆ?" ಎಂದು ಅವ್ವನನ್ನು ಕೇಳಿದರು. ಬೆಳಿಗ್ಗೆ ಎಂದಳು ಅವ್ವ. "ಬತ್ತೀನಿ, ನೋಡಾನ," ಎಂದು ನಮ್ಮನ್ನು ಬರಿಗೈಯಲ್ಲಿ ವಾಪಸು ಕಳಿಸಿದರು.

ಹೇಳಿದಂತೆ ಬಂದರು. ನನ್ನ ಕೋಣೆಯ ಪ್ಲಗ್ಗಿಗೆ ಮೀಟರಿನ ಕಡ್ಡಿಗಳನ್ನು ಚುಚ್ಚಿ, ಅವ್ವ ಕೊಟ್ಟ ಕಾಫಿ ಕುಡಿಯುತ್ತಾ ಕುಳಿತರು. ಮೀಟರಿನಲ್ಲಿ ಇನ್ನೂರ ಇಪ್ಪತ್ತು ವೋಲ್ಟು ತೋರುತ್ತಿತ್ತು. ಸ್ವಲ್ಪ ಹೊತ್ತಿಗೆ ತ್ರೀ ಫೇಸ್ ಬಂತು, ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದವು. ಅಂಕಿ ಇಳಿಯುತ್ತಾ ಇಳಿಯುತ್ತಾ ನೂರಾ ಎಪ್ಪತ್ತಕ್ಕೆ ಬಂದು ನಿಂತಿತು.

"ನೋಡ್ದಾ? ನೀನು ಬರ್ಕಂಡಿದ್ದ ಅಗ್ಗದ ಪವರ್ ಸಪ್ಲೈ ಇಲ್ಲಿ ಒಂದ್ ತಿಂಗ್ಳೂ ಬಾಳ್ತಿರ್ಲಿಲ್ಲ. ಓಗೋವಾಗ ಕಾರ್ಡ್ನೂ ಜೊತೇಲೇ ಕರ್ಕಂಡೋಯ್ತಿತ್ತು. ನಾನು ಬ್ಲಫ್ ಅನ್ನೋ ಊರ್ನಲ್ಲಿ ಪವರ್‌ಹೌಸ್ ಕ್ವಾರ್ಟರ್ಸ್‌ನಾಗೆ ಬೆಳ್ದೋನು ಕಣಪ್ಪ. ಕರೆಂಟು ಉಟ್ಟೋ ಜಾಗ್ದಲ್ಲೇ ಅದ್ರ ಬುದ್ಧಿ ಕಂಡಿವ್ನಿ."

ವಿಡಿಯೋದವರು ಯಾರೂ ಪಂಪ್‌ಸೆಟ್ಟಿನ ವಿಷಯ ಹೇಳಿರಲಿಲ್ಲ. ಕೊನೆಗೆ ಸಾಧಾರಣ ಗ್ರಾಫಿಕ್ಸ್ ಕಾರ್ಡು, ಒಂದರ ಬದಲು ಎರಡು ರ‍್ಯಾಮ್, ಗಟ್ಟಿ ಪವರ್ ಸಪ್ಲೈ, ಒಂದು ಯುಪಿಎಸ್ಸು, ಹೊಸ ಮಾನಿಟರ್ ಆಯಿತು. ಜೋಡಿಸುವ ದಿನ ಕ್ಯಾಬಿನೆಟ್ಟನ್ನು ನೆಲದ ಮೇಲಿಡದೆ ಮೇಜಿನ ಮೇಲೆ, ನನ್ನ ಎಡಗೈಗೆ ಎಟಕುವಂತೆ ಇಟ್ಟರು. ಬಟನ್ ಒತ್ತಲು ನನಗೇ ಹೇಳಿದರು. ಯಂತ್ರದ ಬಿಸಿ ಎಷ್ಟಿದೆಯೆಂದು ಪರದೆಯಲ್ಲಿ ನೋಡುವುದನ್ನು ಕಲಿಸಿ, "ದಿನಾ ನೋಡ್ಕೊ," ಎಂದರು.

ದಿನಾ ನೋಡಿಕೊಂಡೆ. ಗೆಳೆಯರ ಜೊತೆ ದಿನಕ್ಕೆ ಹತ್ತು ಗಂಟೆ ಆಡಿದೆ. ಅರ್ಧ ಗಂಟೆಗೊಮ್ಮೆ ತೋಳಿನ ಬಲದಿಂದ ಮೈಯನ್ನು ಕುರ್ಚಿಯಿಂದ ಎತ್ತಬೇಕು, ಇಲ್ಲದಿದ್ದರೆ ಕೂತ ಜಾಗದಲ್ಲಿ ಚರ್ಮ ಕೊಳೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನೋವೇ ಇಲ್ಲದವನಿಗೆ ಅದು ನೆನಪಾಗುವುದಾದರೂ ಹೇಗೆ? ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಅವ್ವ ಕಿರುಚಿದಳು. ಹುಣ್ಣು ಮೂಳೆಯ ತನಕ ಇಳಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ನಂಜೇರಿ ಜೀವ ಹೋಗುತ್ತಿತ್ತಂತೆ. ಮಂಡ್ಯದ ಆಸ್ಪತ್ರೆಯಲ್ಲಿ ಎರಡು ತಿಂಗಳು ಬೋರಲು ಮಲಗಿದ್ದೆ.

ಅಂಗಡಿಯಣ್ಣ ಅಲ್ಲಿಗೂ ಬಂದರು. ಬೋರಲು ಮಲಗಿದವನಿಗೆ ಮುಖ ಕಾಣಲೆಂದು ನೆಲದ ಮೇಲೆಯೇ ಕುಳಿತರು.

"ಮಿಸಿನ್ನಿಂದು ಬಿಸಿ ಎಷ್ಟಿತ್ಲಾ?"

"ಅರವತ್ತೈದು ದಾಟಿಲ್ಲ ಅಣ್ಣ."

"ಅದ್ನ ಸರ್ಯಾಗಿ ನೋಡ್ಕಂಡಿದ್ದೀಯ." ಆಮೇಲೆ ಹೇಳಿದರು, "ತಪ್ಪು ನಂದೇ ಬುಡು. ಅಷ್ಟೆಲ್ಲ ಕೇಳ್ದೋನು, ದಿನಕ್ಕೆ ಎಷ್ಟೊತ್ತು ಕೂರ್ತೀಯ ಅಂತ ಕೇಳ್ನಿಲ್ಲ. ಆಡೋನು ಎಂಗವ್ನೆ ಅಂತ ನೋಡ್ದೆ ಆಟದ ಮಿಸಿನ್ನು ಕೊಟ್ಬುಟ್ಟೆ."

ನಾನು ಮನೆಗೆ ಬಂದ ವಾರ ಅವರೂ ಬಂದು ಕಂಪ್ಯೂಟರಿಗೆ ಏನೋ ಮಾಡಿದರು. ಅವತ್ತಿನಿಂದ ಅರ್ಧ ಗಂಟೆಗೊಮ್ಮೆ ಪರದೆ ಎರಡು ನಿಮಿಷ ಕಪ್ಪಾಗತೊಡಗಿತು. ಆಟ ಎಲ್ಲಿಗೇ ಬಂದಿರಲಿ, ಅದಕ್ಕೆ ಕರುಣೆಯಿಲ್ಲ. ತೆಗೆಯಲು ಪಾಸ್‌ವರ್ಡ್ ಬೇಕು. ಕೇಳಿದರೆ, "ನಂತಾವ ಅದೆ, ಮೊದ್ಲು ಕುಂಡಿ ಎತ್ತು," ಎಂದು ಫೋನಿಟ್ಟರು. ಗೆಳೆಯರು ಮೊದಮೊದಲು ಬೈದರು. ಆಮೇಲೆ ಎರಡು ನಿಮಿಷ ಆಟದೊಳಗಿನ ನನ್ನನ್ನು ಗೋಡೆಯ ಮರೆಯಲ್ಲಿ ನಿಲ್ಲಿಸಿ ಕಾಯುವುದನ್ನು ಕಲಿತರು.

ಹೋದ ವರ್ಷ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಳಿತವರು ಮತ್ತೆ ಏಳಲಿಲ್ಲವಂತೆ. ಬೇಕರಿಯವರು ಫೋನು ಮಾಡಿದಾಗ ನಾನು ಆಡುತ್ತಿದ್ದೆ. ಹೂಂ ಎಂದೆ, ಫೋನಿಟ್ಟೆ, ಆಟ ಮುಂದುವರಿಸಿದೆ. ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬುದೂ ಅನ್ನಿಸಲಿಲ್ಲ. ಆಮೇಲೆ ಪರದೆ ಕಪ್ಪಾಯಿತು. ಕುರ್ಚಿಯ ತೋಳುಗಳಿಗೆ ಕೈಯೂರಿ ಮೈ ಎತ್ತಿದೆ. ಎತ್ತಿದವನಿಗೆ ಇಳಿಸಲು ಮನಸ್ಸಾಗಲಿಲ್ಲ. ತೋಳು ನಡುಗಿ ನೋಯತೊಡಗಿತು. ಆ ನೋವಿನಲ್ಲಿ ಅತ್ತೆ, ಬಿದ್ದ ಮೇಲೆ ಮೊದಲ ಸಲ ಅತ್ತೆ.

ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಆ ಕಾಟ ತಪ್ಪುತ್ತದೆ, ಅರ್ಧ ದಿನದ ಕೆಲಸ ಎಂದು ಗೆಳೆಯನೊಬ್ಬ ಹೇಳುತ್ತಲೇ ಇದ್ದಾನೆ. ಬೇಡ ಎಂದಿದ್ದೇನೆ. ಮತ್ತೆ ಹುಣ್ಣಾಗಿಲ್ಲ.