ಸ್ಟೇರಿಂಗಿಗೆ ಕಟ್ಟಿದ ಬಟ್ಟೆ

ಬಟ್ಟೆ ಇತ್ತು. ಜೀಪಿನ ಸ್ಟೇರಿಂಗಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು. ಬಿಚ್ಚಿದವನು ನಾನು. ಬಿಚ್ಚಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡವನೂ ನಾನು. ಅದೇ ದಿನ ಸಂಜೆ ಕುಂದಾಪುರದ ಆಸ್ಪತ್ರೆಯ ವರಾಂಡದಲ್ಲಿ ಹತ್ತಾರು ಜನರ ಎದುರು ನಿಂತು ‘ಬಟ್ಟೆ ಇರಲಿಲ್ಲ’ ಎಂದು ಹೇಳಿದವನೂ ನಾನೇ. ಎಂಟು ವರ್ಷವಾಯಿತು. ಕೋಟೇಶ್ವರದ ಶೀನ ಮೆಕ್ಯಾನಿಕ್ ಬ್ರೇಕ್ ಸರಿ ಇಲ್ಲದ ಜೀಪನ್ನು ಒಂದು ಮಾತೂ ಹೇಳದೆ ಬಿಟ್ಟುಕೊಟ್ಟ ಎಂಬ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ಹುಟ್ಟಿದ್ದು ನನ್ನ ಬಾಯಲ್ಲಿ.

ಆ ಬಟ್ಟೆಯ ವಿಷಯ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಬೇಕು. ಶೀನಣ್ಣನ ಗ್ಯಾರೇಜಿನಲ್ಲಿ ಬೋರ್ಡು ಇರಲಿಲ್ಲ, ಒಂದು ಕಟ್ಟುನಿಟ್ಟು ಇತ್ತು. ಕೆಲಸ ಮುಗಿಯದ ಗಾಡಿಯ ಸ್ಟೇರಿಂಗಿಗೆ ಹಳೆಯ ಕೆಂಪು ಪಂಚೆಯಿಂದ ಹರಿದ ಒಂದು ಪಟ್ಟಿ ಕಟ್ಟುತ್ತಿದ್ದರು. ಬಟ್ಟೆ ಇದ್ದರೆ ಗಾಡಿ ಸ್ಟಾರ್ಟ್ ಮಾಡುವ ಹಾಗಿಲ್ಲ, ಅದನ್ನು ಬಿಚ್ಚಬೇಕಾದವರು ಅವರೊಬ್ಬರೇ. ದೋಣಿಯವರ ಮನೆಯಲ್ಲಿ ಹುಟ್ಟಿದವರಾದ್ದರಿಂದ ಹಾಕುತ್ತಿದ್ದದ್ದು ದೋಣಿ ಕಟ್ಟುವ ಗಂಟು. ಹೆದ್ದಾರಿಯ ಲಾರಿ ಡ್ರೈವರುಗಳಿಂದ ಹಿಡಿದು ಕಾರಿನ ಡಾಕ್ಟರರವರೆಗೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ‘ಶೀನಣ್ಣ ಬಟ್ಟೆ ಬಿಚ್ಚಿದರಾ?’ ಎಂದು ಕೇಳಿಯೇ ಜನ ಗಾಡಿ ಹತ್ತುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನಿವೃತ್ತಿಗೆ ಎರಡು ವರ್ಷ ಇರುವಾಗ ಗುಲ್ವಾಡಿಯಲ್ಲಿ ಒಬ್ಬರ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪು ಕಂಡೆ. ಮಿಲಿಟರಿಯ ಹರಾಜಿನಲ್ಲಿ ಬಂದದ್ದಂತೆ. ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು, ಕಾಲಿಡುವ ತಗಡು ತುಕ್ಕು ಹಿಡಿದು ಕೆಳಗಿನ ನೆಲ ಕಾಣುತ್ತಿತ್ತು. ನನಗೆ ಮರುಳು ಹಿಡಿಯಿತು. ಆ ಜೀಪನ್ನು ಕೋಟೇಶ್ವರದ ನಮ್ಮ ಮನೆಯ ಅಂಗಳಕ್ಕೆ ಎಳೆಸಿ ತಂದೆ. ನನ್ನ ಹೆಂಡತಿ ಸುಮತಿ ಅದರ ಸುತ್ತ ಒಂದು ಸುತ್ತು ಬಂದು, ಇದಕ್ಕೆ ಹುಲ್ಲು ಹಾಕಬೇಕೋ ಅಕ್ಕಚ್ಚು ಕೊಡಬೇಕೋ ಎಂದು ಕೇಳಿದಳು.

ಎರಡು ವರ್ಷ ಭಾನುವಾರ ಎಂದರೆ ಜೀಪು. ಶೀನಣ್ಣ ಬೆಳಿಗ್ಗೆ ಬಂದರೆ ಊಟಕ್ಕೆ ನಮ್ಮಲ್ಲೇ. ಅವರು ತುಕ್ಕು ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯುತ್ತಿದ್ದರು, ನಾನು ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದೆ. ಸಮುದ್ರದ ಗಾಳಿಗೆ ಕಬ್ಬಿಣ ತಡೆಯುವುದಿಲ್ಲವೆಂದು ದೋಣಿಗೆ ಬಳಿದ ಹಾಗೆ ಅಡಿಭಾಗಕ್ಕೆಲ್ಲ ಮೀನಿನ ಎಣ್ಣೆ ಬಳಿದರು. ಕೇರಿಯ ಬೆಕ್ಕುಗಳೆಲ್ಲ ವಾರಗಟ್ಟಲೆ ಜೀಪಿನ ಕೆಳಗೇ ಬೀಡುಬಿಟ್ಟವು. ಸುಮತಿ ಮೂಗು ಮುಚ್ಚಿಕೊಂಡೇ ಇಬ್ಬರಿಗೂ ಚಹಾ ತಂದುಕೊಡುತ್ತಿದ್ದಳು. ಈಗ ಲೆಕ್ಕ ಹಾಕಿದರೆ — ನನ್ನ ಬದುಕಿನಲ್ಲಿ ನಾನು ಅಷ್ಟು ಸುಖವಾಗಿದ್ದದ್ದು ಬೇರೆ ಯಾವಾಗ? ಆ ಸುಖಕ್ಕೆ ನಾನು ಏನು ಮಾಡಿದೆ ಎನ್ನುವುದೇ ಈ ಬರಹ.

ಜೀಪು ಓಡತೊಡಗಿತು. ಅಷ್ಟಕ್ಕೆ ನಿಲ್ಲಬೇಕಿತ್ತು. ಮೊಬೈಲಿನಲ್ಲಿ ಯಾರ್ಯಾರೋ ಎತ್ತರದ ಜೀಪುಗಳಲ್ಲಿ ಗುಡ್ಡ ಹತ್ತುವುದನ್ನು ನೋಡಿ ನೋಡಿ ನನ್ನದೂ ಹಾಗೆಯೇ ಆಗಬೇಕು ಅನಿಸಿತು. ದೊಡ್ಡ ಟೈರು ಬೇಕು, ಸ್ಪ್ರಿಂಗ್ ಪಟ್ಟಿಗಳನ್ನು ಎತ್ತರಿಸಬೇಕು. ಶೀನಣ್ಣನಿಗೆ ಮನಸ್ಸಿರಲಿಲ್ಲ. ಮುದುಕನಿಗೆ ಹೈ ಹೀಲ್ಸ್ ಯಾಕೆ ಮಾಷ್ಟ್ರೆ ಎಂದು ನಕ್ಕರು. ನಾನು ಹಟ ಬಿಡಲಿಲ್ಲ. ಕೊನೆಗೆ ಮಾಡಿಕೊಟ್ಟರು. ಜೀಪು ಒಂದು ಗೇಣು ಮೇಲೆದ್ದಿತು. ಆದರೆ ಚಕ್ರಗಳಿಗೆ ಬ್ರೇಕ್ ಎಣ್ಣೆ ಹೋಗುವ ರಬ್ಬರ್ ಪೈಪುಗಳು ಹಳೆಯ ಅಳತೆಯವು, ಈಗ ಗಿಡ್ಡವಾದವು. ಚಕ್ರ ಎಲ್ಲಿಯಾದರೂ ಹೊಂಡಕ್ಕೆ ಇಳಿದರೆ ಪೈಪು ಎಳೆದುಕೊಂಡು ಕಿತ್ತುಬರುತ್ತದೆ ಎಂದು ನನ್ನನ್ನು ಜೀಪಿನ ಕೆಳಗೆ ಮಲಗಿಸಿ ಬೆರಳಿಟ್ಟು ತೋರಿಸಿದ್ದರು. ಉದ್ದದ ಪೈಪು ಮಂಗಳೂರಿನಿಂದ ಬರಬೇಕಿತ್ತು. ಹ್ಯಾಂಡ್ ಬ್ರೇಕಿನ ಕೇಬಲ್ಲನ್ನೂ ಇನ್ನೂ ಹಾಕಿರಲಿಲ್ಲ. ಅವರು ಸ್ಟೇರಿಂಗಿಗೆ ಬಟ್ಟೆ ಕಟ್ಟಿ, ಹೆಂಡತಿಯ ಊರಾದ ಕೊಕ್ಕರ್ಣೆಗೆ ನಾಲ್ಕು ದಿನದ ನಾಟಿ ಕೆಲಸಕ್ಕೆ ಹೋದರು.

ಆ ನಾಲ್ಕು ದಿನದೊಳಗೇ ಬೈಂದೂರಿನಲ್ಲಿ ನನ್ನ ಭಾವನ, ಅಂದರೆ ಸುಮತಿಯ ಅಣ್ಣನ, ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಅವರ ಕಡೆಯವರಿಗೆಲ್ಲ ನಾನು ಸೈಕಲ್ಲಿನ ಮಾಷ್ಟ್ರು. ಒಂದು ಸಲವಾದರೂ — ಒಂದೇ ಒಂದು ಸಲ — ಆ ಅಂಗಳಕ್ಕೆ ಎತ್ತರದಿಂದ ಇಳಿಯಬೇಕು ಅನಿಸಿತು. ಬೇರೆ ಕಾರಣವೇ ಇಲ್ಲ, ಹುಡುಕಿದರೂ ಸಿಗುವುದಿಲ್ಲ. ಸುಮತಿ ಒಳಗೆ ಬೀಗದ ಕೈ ಹುಡುಕುತ್ತಿದ್ದಳು. ಮಳೆಗೆಂದು ಜೀಪಿಗೆ ಟಾರ್ಪಾಲು ಹೊದಿಸಿದ್ದರಿಂದ ಬಟ್ಟೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಗಂಟು ಬಿಚ್ಚಿದೆ. ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ, ಉಗುರು ನೋಯುವಷ್ಟು ಹೊತ್ತು ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಯಾರಿಗಾದರೂ ಬುದ್ಧಿ ಬರುತ್ತಿತ್ತು.

ಭಾವನ ಮನೆ ಗುಡ್ಡದ ಬದಿಗೆ. ಮಣ್ಣಿನ ದಾರಿ ಮೊದಲು ಏರಿ ಆಮೇಲೆ ಅಂಗಳಕ್ಕೆ ಇಳಿಯುತ್ತದೆ. ಏರುವಾಗ ಮುಂದಿನ ಚಕ್ರ ಮಳೆನೀರು ಕೊರೆದ ಕೊರಕಲಿಗೆ ಜಗ್ಗಿ ಇಳಿಯಿತು. ಏನೋ ಕಿತ್ತ ಸದ್ದಾಯಿತು. ಕೇಳಿಸಿತು ನನಗೆ. ಆದರೆ ಮೇಲಿನಿಂದ ಭಾವನ ಮನೆಯವರು ಕೈಬೀಸುತ್ತಿದ್ದರು, ನಾನು ಹಾರ್ನ್ ಹೊಡೆದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಪೂರ್ತಿ ನೆಲಕ್ಕೆ ಹೋಯಿತು. ಜೀಪು ಅಂಗಳದ ಕೆಂಪುಕಲ್ಲಿನ ಪಾಗಾರದ ಗೋಡೆಗೆ ಎಡಮಗ್ಗುಲಿನಿಂದ ಬಡಿಯಿತು. ಎಡಗಡೆ ಕೂತಿದ್ದವಳು ಸುಮತಿ. ಅವಳ ಕಾಲು ತೊಡೆಯ ಕೆಳಗೆ ಎರಡು ಕಡೆ ಮುರಿಯಿತು. ನನಗೆ ಮೈಯಲ್ಲಿ ಒಂದು ಗೀರೂ ಇಲ್ಲ.

ಆಸ್ಪತ್ರೆಗೆ ಒಕ್ಕಲಿನ ಮನೆಯ ಅರ್ಧ ಜನ ಬಂದಿದ್ದರು. ಸುದ್ದಿ ತಿಳಿದು ಶೀನಣ್ಣನೂ ಗದ್ದೆಯ ಕೆಸರಿನ ಕಾಲಿನಲ್ಲೇ ಕೊಕ್ಕರ್ಣೆಯಿಂದ ಓಡಿ ಬಂದರು. ಅವರನ್ನು ಕಂಡದ್ದೇ ಭಾವ ನನ್ನ ಕಡೆ ತಿರುಗಿ ಕೇಳಿದರು, ‘ಬಟ್ಟಿ ಕಟ್ಟಿರ್ಲಿಲ್ಯಾ ಭಾವ?’

ಎಲ್ಲರೂ ನನ್ನ ಮುಖ ನೋಡಿದರು. ಬಟ್ಟೆ ನನ್ನ ಜೇಬಿನಲ್ಲಿತ್ತು, ತೊಡೆಗೆ ತಾಗುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಹಾನುಭಾವ ನಾನು. ‘ಬಟ್ಟೆ ಇರಲಿಲ್ಲ’ ಎಂದೆ.

ಶೀನಣ್ಣ ತಮ್ಮ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡರು. ನನ್ನ ಕುತ್ತಿಗೆ ಪಟ್ಟಿ ಹಿಡಿಯುತ್ತಾರೆ ಎಂದುಕೊಂಡೆ, ಹಿಡಿದಿದ್ದರೆ ಅಲ್ಲಿಯೇ ಮುಗಿಯುತ್ತಿತ್ತು. ಅವರು ಮೆಲ್ಲಗೆ ಹೇಳಿದ್ದು ಇಷ್ಟು:

‘ಕಟ್ಟಿದ್ದ್ ನೆನ್ಪ್ ಇತ್ತ್ ನಂಗೆ. ಆರೆ ಮಾಷ್ಟ್ರ್ ಸುಳ್ಳ್ ಹೇಳುವರಲ್ಲ. ನಾನೇ ಮರ್ತಿರ್ಕ್.’

ಮಾಷ್ಟ್ರು ಸುಳ್ಳು ಹೇಳುವುದಿಲ್ಲ, ಆದ್ದರಿಂದ ತನ್ನ ತಲೆಯೇ ಸುಳ್ಳು ಹೇಳುತ್ತಿದೆ. ಅವರು ಅಲ್ಲಿಗೆ ಹಾಗೆ ತೀರ್ಮಾನಿಸಿಬಿಟ್ಟರು. ಬಟ್ಟೆ ಇಲ್ಲವೆಂದರೆ ಗಾಡಿ ತಯಾರು ಎನ್ನುವುದು ಅವರದೇ ಕಟ್ಟುನಿಟ್ಟು, ಹಾಗಾಗಿ ನನಗೆ ಪೈಪು ತೋರಿಸಿದ್ದ ಮಾತನ್ನೂ ಎತ್ತಲಿಲ್ಲ. ನಾನು ಸುಮ್ಮನಿದ್ದೆ. ಹೆದರಿ ಹೇಳಿದ ಮಾತು ಒಂದು ಕ್ಷಣದ್ದು ಅನ್ನಿ. ಈ ಸುಮ್ಮನಿದ್ದದ್ದು ಎಂಟು ವರ್ಷದ್ದು.

ಸುಮತಿ ಮನೆಗೆ ಬಂದ ಮೇಲೆ ಅವರು ಹಣ್ಣು ಹಿಡಿದುಕೊಂಡು ಬಂದು ಅವಳ ಮಂಚದ ಬಳಿ ನೆಲದಲ್ಲಿ ಕೂತು ಕ್ಷಮೆ ಕೇಳಿದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ನಾನು — ಹಣ್ಣಿನ ಚೀಲ ಒಳಗೆ ಇಟ್ಟು ಬಂದೆ. ಆಮೇಲೆ ಅವರೇ ಬಂದು ಜೀಪು ರಿಪೇರಿ ಮಾಡಿದರು, ಉದ್ದದ ಪೈಪು ಹಾಕಿದರು. ಆ ಕೆಲಸ ಇನ್ನೂ ಮುಗಿಯದ ಮೊದಲ ದಿನ ಸಂಜೆ ಬಟ್ಟೆ ಕಟ್ಟುವಾಗ ನನ್ನನ್ನು ಕರೆದರು. ‘ಹ್ವಾಯ್ ಮಾಷ್ಟ್ರೆ, ಇಲ್ಲ್ ಬನ್ನಿ. ನಾನ್ ಕಟ್ಟಿದ್ದ್ ಕಾಣಿ. ಕಂಡ್ರಿ ಅಲ್ದಾ?’

ಕಂಡೆ ಎಂದೆ. ಸಾಕ್ಷಿಗೆ ಅವರು ಆರಿಸಿಕೊಂಡದ್ದು ನನ್ನನ್ನು.

ಗ್ಯಾರೇಜಿನಲ್ಲಿಯೂ ಹಾಗೆಯೇ ಆಯಿತು. ಬಟ್ಟೆ ಕಟ್ಟಬೇಕಾದರೆ ದಾರಿಹೋಕರನ್ನು ಕರೆದು ತೋರಿಸುವುದು. ಬಿಗಿದ ನಟ್ಟನ್ನು ಸಡಿಲಿಸಿ ಮತ್ತೆ ಬಿಗಿಯುವುದು, ಮನೆಗೆ ಹೊರಟವರು ತಿರುಗಿ ಬಂದು ಇನ್ನೊಮ್ಮೆ ಮುಟ್ಟಿ ನೋಡುವುದು. ಒಂದು ದಿನದ ಕೆಲಸಕ್ಕೆ ಮೂರು ದಿನ. ಶೀನನಿಗೆ ಮರೆವು ಸುರುವಾಗಿದೆ ಎಂದು ಜನ ಮೊದಲು ತಮಾಷೆಗೆ ಅಂದರು, ಆಮೇಲೆ ನಿಜಕ್ಕೇ ಅಂದರು. ಬ್ರೇಕಿನ ಕೆಲಸ ಬರುವುದು ನಿಂತಿತು, ಕೊನೆಗೆ ಎಲ್ಲವೂ ನಿಂತಿತು. ವರ್ಷ ತುಂಬುವುದರೊಳಗೆ ಶೀನಣ್ಣ ಬಾಗಿಲು ಹಾಕಿ ಕೊಕ್ಕರ್ಣೆಗೆ ಹೋದರು. ಹೋಗುವಾಗ ಹೇಳಿ ಹೋಗಲು ಬಂದಿದ್ದರು. ಯಾವುದಾದರೂ ಗಾಡಿ ಇನ್ನೊಬ್ಬರ ಜೀವ ತೆಗೆಯುವ ಮೊದಲು ಬಿಡುವುದು ಒಳ್ಳೆಯದು ಎಂದರು. ನಾನು ತಲೆ ಆಡಿಸಿದೆ. ಹೌದು, ಆ ಮಾತಿಗೆ ತಲೆ ಆಡಿಸಿದೆ.

ಬಟ್ಟೆಯನ್ನು ಎಸೆಯಲು ಆಗಲಿಲ್ಲ. ನನ್ನ ಹಳೆಯ ಜಾಮಿಟ್ರಿ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದೆ. ಪಶ್ಚಾತ್ತಾಪಕ್ಕೆ ಇಟ್ಟೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮನೆಯ ಕಸದಲ್ಲಿ ಸುಮತಿಗೆ ಕಂಡರೆ ಎಂಬ ಹೆದರಿಕೆಗೆ ಇಟ್ಟೆ.

ಕಳೆದ ತಿಂಗಳು ಬ್ರಹ್ಮಾವರದ ಒಂದು ಮದುವೆಯಲ್ಲಿ ಶೀನಣ್ಣನ ಹೆಂಡತಿ ಗಿರಿಜಕ್ಕ ಸಿಕ್ಕಿದರು. ಊಟದ ಪಂಕ್ತಿಗೆ ಕಾಯುತ್ತಾ ಮಾತಾಡಿದರು. ಇವರು ಗ್ಯಾಸ್ ಬಂದ್ ಮಾಡಿದ್ದನ್ನು ದಿನಕ್ಕೆ ಹತ್ತು ಸಲ ನೋಡುತ್ತಾರೆ, ಪಂಪಿನ ಸ್ವಿಚ್ ಮುಟ್ಟಿ ಬಂದವರು ಮತ್ತೆ ಗದ್ದೆಗೆ ಓಡುತ್ತಾರೆ, ಮೊಮ್ಮಗಳನ್ನು ಎತ್ತಿಕೊಳ್ಳಲೂ ಹೆದರುತ್ತಾರೆ — ಎಲ್ಲಿಯಾದರೂ ಇಟ್ಟು ಮರೆತರೆ ಎಂದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಮರೆವಿನ ಕಾಯಿಲೆ ಏನೂ ಇಲ್ಲ, ಇದು ಯಾವಾಗ ಸುರುವಾದದ್ದು ಎಂದು ಕೇಳಿದರಂತೆ.

‘ನಿಮ್ಮ್ ಜೀಪಿನ್ ದಿನದಿಂದ್ ಅಂದೆ ಮಾಷ್ಟ್ರೆ. ಬೇಜಾರ್ ಮಾಡ್ಕಣ್ಬೇಡಿ.’

ಬೇಜಾರು ಮಾಡಿಕೊಳ್ಳಬೇಡಿ ಎಂದು ನನಗೆ ಹೇಳಿದರು. ನಾನು ಊಟ ಮಾಡದೆ ಬಂದೆ.

ಮನೆಗೆ ಬಂದು ಪೆಟ್ಟಿಗೆ ತೆರೆದು ಬಟ್ಟೆಯನ್ನು ಸುಮತಿಯ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಅವಳು ಬೈದರೆ ಸಾಕಿತ್ತು. ಕಾಲು ಚಾಚಿಕೊಂಡು ಕೂತಿದ್ದವಳು — ಆ ಕಾಲು ಈಗಲೂ ಪೂರ್ತಿ ಮಡಿಚುವುದಿಲ್ಲ — ಬಟ್ಟೆಯನ್ನು ಕೈಗೆತ್ತಿಕೊಂಡಳು.

‘ಎಂಟ್ ವರ್ಷ ಆ ಮನ್ಷನಿಗೆ ನಾನ್ ಶಾಪ ಹಾಕ್ತಿದ್ದೆ. ನೀವ್ ಬದಿಯಗೆ ಕೂಕಂಡ್ ಕೇಂತಿದ್ರಿ.’ ಹೌದು, ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಮತ್ತೆ ಆ ವಿಷಯಕ್ಕೆ ನನ್ನ ಹತ್ತಿರ ಅವಳದ್ದು ಒಂದೇ ಮಾತು: ನಾಳೆ ಕೊಕ್ಕರ್ಣೆಗೆ ನಾನೂ ಬರುತ್ತೇನೆ.

ಬಸ್ಸಿನಲ್ಲಿ ಹೋದೆವು. ಗಿರಿಜಕ್ಕ ಕುಡಿಯಲು ನೀರು, ಬೆಲ್ಲ ತಂದಿಟ್ಟರು. ಮುಟ್ಟುವ ಮೊದಲೇ ಹೇಳಿದೆ, ಈ ಬರಹದ ಮೊದಲಿಗೆ ಬರೆದ ಹಾಗೆಯೇ, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ. ಬಟ್ಟೆ ಕೊಟ್ಟೆ. ಶೀನಣ್ಣ ಅದನ್ನು ಬಿಡಿಸಿದರು. ಗಂಟಿದ್ದ ಕಡೆ ಈಗಲೂ ಮುದುರಿದ ಗುರುತಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ಕೇಳಿದರು,

‘ಹಂಗಾರೆ ನಾನ್ ಮರೀಲಿಲ್ಲೆ?’

ಇಲ್ಲ ಶೀನಣ್ಣ ಎಂದೆ. ಮತ್ತೊಮ್ಮೆ ಅದನ್ನೇ ಕೇಳಿದರು. ಮೂರನೆಯ ಸಲ ನನ್ನನ್ನು ಬಿಟ್ಟು ಸುಮತಿಯನ್ನು ಕೇಳಿದರು. ಅವಳು ಅಳುತ್ತಾ ಇಲ್ಲ ಎಂದು ತಲೆಯಾಡಿಸಿದಳು. ಗಿರಿಜಕ್ಕ ನಾವು ಮುಟ್ಟದ ನೀರಿನ ಚೆಂಬು, ಬೆಲ್ಲದ ತಟ್ಟೆ ಎತ್ತಿಕೊಂಡು ಒಳಗೆ ಹೋದರು, ಹೊರಗೆ ಬರಲಿಲ್ಲ. ಕ್ಷಮಿಸಿ ಎಂಬ ಶಬ್ದ ನನ್ನ ಬಾಯಿಯ ತನಕ ಬಂದಿತ್ತು. ಶೀನಣ್ಣ ಕೈ ಎತ್ತಿ ತಡೆದರು.

‘ನಂಗ್ ಹೇಳ್ರೆ ಸಾಕಾ ಮಾಷ್ಟ್ರೆ? ಅವತ್ತ್ ಕೇಂಡರಿಗೆಲ್ಲ ಹೇಳುದ್ ಯಾರ್?’

ಅಂದು ಕೇಳಿದವರಿಗೆಲ್ಲ ಹೇಳಬೇಕಾದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಬೈಂದೂರಿಗೆ ಹೋಗಿ ಭಾವನ ಮನೆಯವರನ್ನು ಕೂರಿಸಿ ಹೇಳಿಯಾಯಿತು. ಕೋಟೇಶ್ವರದಲ್ಲಿ ಹಳೆಯ ಗ್ಯಾರೇಜಿನ ಆಚೀಚೆಯ ಅಂಗಡಿಗಳಿಗೂ ಹೋಗಿ ಹೇಳಿದ್ದೇನೆ. ಕೆಲವರು ಉಗಿಯುವ ಹಾಗೆ ನೋಡಿದರು, ಕೆಲವರು ಹಳೆಯದು ಬಿಡಿ ಮಾಷ್ಟ್ರೆ ಎಂದರು. ಬಿಡಿ ಎಂದವರ ಮೇಲೆ ಸಿಟ್ಟು ಬಂತು. ಬಿಡುವ ಹಕ್ಕು ಅವರಿಗೂ ಇಲ್ಲ, ನನಗೂ ಇಲ್ಲ. ಬಾಯಿಯಿಂದ ಬಾಯಿಗೆ ಹೋದದ್ದು ಎಲ್ಲಿಯವರೆಗೆ ಹೋಗಿದೆಯೋ ಗೊತ್ತಿಲ್ಲ, ಉಳಿದವರಿಗೆ ಈ ಕಾಗದ.

ಒಂದನ್ನು ಹೇಳದೆ ಮುಗಿಸಬಾರದು. ಆ ದಿನ ನಾವು ಹೊರಟಾಗ ಶೀನಣ್ಣ ಗೇಟಿನವರೆಗೆ ಬಂದರು. ನಾವು ದಾಟಿದ ಮೇಲೆ ಚಿಲಕ ಹಾಕಿದರು. ಸತ್ಯ ಹೇಳಿಯಾಯಿತಲ್ಲ, ಇನ್ನು ಅವರಿಗೆ ಹಗುರಾಗುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವರು ನಾಲ್ಕು ಹೆಜ್ಜೆ ಹೋದವರು ನಿಂತರು. ತಿರುಗಿ ಬಂದು ಚಿಲಕವನ್ನು ಅಲ್ಲಾಡಿಸಿ ನೋಡಿದರು. ಬಟ್ಟೆ ಅವರ ಕೈಯಲ್ಲೇ ಇತ್ತು.

ನಾನೊಬ್ಬ ಹೇಳಿದ್ದು ಸಾಕಾಗಲಿಲ್ಲ. ನೀವು ಯಾರಾದರೂ ಕೊಕ್ಕರ್ಣೆಯ ಕಡೆ ಹೋದರೆ, ಅವರು ಕಂಡರೆ, ದಯವಿಟ್ಟು ಹೇಳಿ — ಶೀನಣ್ಣ, ನೀವು ಮರೆತಿರಲಿಲ್ಲ, ಬಟ್ಟೆ ಇತ್ತು.