ಇನ್ನೊಬ್ಬರನ್ನು ಅಪ್ಪಯ್ಯ ಎಂದದ್ದು

ಸಾಗರದ ಹವ್ಯಾಸಿ ತಂಡದ ನಾಟಕವೊಂದರಲ್ಲಿ ನನ್ನನ್ನು ನೋಡಿದ ಅವರು ಪರದೆಯ ಹಿಂದೆ ಬಂದು ಕೇಳಿದ್ದು ಇಷ್ಟೇ: "ನನ್ನ ಮಗಳಾಗ್ತೀಯಾ?" ಆಗಲೇ ಅವರು ಮನೆಮನೆಯಲ್ಲೂ ಬೇಕಾದ ನಟ. ಹೊಸ ಧಾರಾವಾಹಿಯನ್ನು ತಾವೇ ನಿರ್ದೇಶಿಸಿ, ತಂದೆಯ ಪಾತ್ರವನ್ನೂ ಮಾಡುವವರಿದ್ದರು.

ತೀರ್ಥಹಳ್ಳಿಯ ಹತ್ತಿರ ಚಿತ್ರೀಕರಣ. ಬಿಡುವಿದ್ದ ಒಂದು ದಿನ ಸಿಗಂದೂರಿನ ದೇವಸ್ಥಾನಕ್ಕೆ ಹೋದಾಗ, ಧಾರಾವಾಹಿ ನೋಡುತ್ತಿದ್ದ ಅಜ್ಜಿಯೊಬ್ಬರು ಅವರ ಕೈ ಹಿಡಿದು, "ಮಗಳನ್ನ ಯಾಕ್ ಹಾಂಗ್ ಅಳಿಸ್ತೀರಾ?" ಎಂದು ಎಲ್ಲರೆದುರಿಗೆ ಗದರಿಸಿದರು. ಅವರು ತಲೆ ತಗ್ಗಿಸಿ, "ತಪ್ಪಾಯ್ತು ಅಮ್ಮಾ" ಎಂದರು.

ಒಂದು ಬೆಳಿಗ್ಗೆ ನನ್ನೊಂದಿಗಿನ ದೃಶ್ಯದ ನಡುವೆ ಅವರ ಮಾತು ತೊದಲಿತು. ಬಾಯಿ ಒಂದು ಪಕ್ಕಕ್ಕೆ ವಾಲಿತು. ನಟನೆಯೆಂದೇ ತಿಳಿದು ನಾನು ಮುಂದಿನ ಮಾತು ಹೇಳಿದೆ. ಕ್ಯಾಮೆರಾ ಓಡುತ್ತಲೇ ಇತ್ತು. ಅವರು ಕುರ್ಚಿಯಿಂದ ಜಾರಿದ ಮೇಲೆಯೇ ನಮಗೆ ಅರ್ಥವಾದದ್ದು.

ಪಾರ್ಶ್ವವಾಯು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಚಾನೆಲ್ಲಿನವರು ಕೆಲಕಾಲ ಕಾದು ಆ ಪಾತ್ರಕ್ಕೂ ನಿರ್ದೇಶನಕ್ಕೂ ಬೇರೆಯವರನ್ನು ತಂದರು. ನಾನೂ ಬಿಡುತ್ತೇನೆಂದು ಹಾಸಿಗೆಯಲ್ಲಿದ್ದ ಅವರಿಗೆ ಹೇಳಲು ಹೋದಾಗ ಅವರು ಜೋರಾಗಿ ತಲೆಯಾಡಿಸಿ ಬೇಡವೆಂದರು.

ಹೊಸಬರನ್ನು "ಅಪ್ಪಯ್ಯ" ಎಂದು ಕರೆಯುವಾಗ ಕಣ್ಣೀರು ಬಂತು. ಒಂದೇ ಟೇಕಿಗೆ ಓಕೆ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನಷ್ಟು ಅಸಹ್ಯ ನನಗೆ ಈ ಕೆಲಸದ ಮೇಲೆ ಎಂದೂ ಆಗಿರಲಿಲ್ಲ. ಪ್ರೇಕ್ಷಕರು ಮೊದಮೊದಲು ಗೊಣಗಿದರು, ಆಮೇಲೆ ಹೊಂದಿಕೊಂಡರು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾಕೆ, "ಈಗಿನ ಅಪ್ಪನೇ ಚೆಂದ ಕಾಣ್ತಾರೆ ಬಿಡಿ" ಎಂದರು.

ಕಳೆದ ಮಳೆಗಾಲದಲ್ಲಿ ಹೊಸನಗರದ ಅವರ ಮನೆಗೆ ಹೋದಾಗ ಟಿವಿಯಲ್ಲಿ ನಮ್ಮದೇ ಕಂತು ಬರುತ್ತಿತ್ತು. ಅವರ ಹೆಂಡತಿ, "ದಿನಾ ನೋಡ್ತಾರೆ. ಬ್ಯಾಡ ಅಂದ್ರೂ ಕೇಳಲ್ಲ, ಎಂತ ಮಾಡೋದು?" ಎಂದರು. ಪರದೆಯ ಮೇಲೆ ತಂದೆ ಮಗಳಿಗೆ ಬುದ್ಧಿ ಹೇಳುತ್ತಿದ್ದರು. ಇವರ ತುಟಿಗಳೂ ಅಲುಗಿದವು. ಅದೇ ಮಾತನ್ನು ತಮ್ಮ ರೀತಿಯಲ್ಲಿ ಹೇಳಲು ಹೆಣಗುತ್ತಿದ್ದರು. ಹೊರಟದ್ದು ಬರೀ ಸದ್ದು. ಹೆಂಡತಿ ಸೆರಗಿನಿಂದ ಅವರ ಬಾಯಿ ಒರೆಸಿದರು. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ಅವರು ತಿರುಗಲಿಲ್ಲ. ಅವರ ಕಣ್ಣು ಪರದೆಯ ಮೇಲಿನ ನನ್ನ ಮೇಲಿತ್ತು.

ಬಾಗಿಲವರೆಗೆ ಬಂದ ಹೆಂಡತಿ ತಗ್ಗಿದ ದನಿಯಲ್ಲಿ ಕೇಳಿದರು: "ಧಾರಾವಾಹಿ ನಿಲ್ಲಿಸ್ತಾರಂತೆ, ಹೌದಾ?"

"ಹೌದು. ಮುಂದಿನ ತಿಂಗಳಿಗೆ ಮುಗೀತದೆ."

"ಇವ್ರಿಗೆ ಹೇಳ್ಬೇಡ ಮಾರಾಯ್ತಿ," ಎಂದರು. ನಾನು ಹೇಳಲಿಲ್ಲ.